ದ್ವೀಪದವರ ಚಾಕಲೇಟು, ನಮ್ಮ ಬೆಟಗೇರಿ ರೊಟ್ಟಿ

ಸಂಪಾದಕರಿಗೆ ನಮಸ್ಕಾರ್ರಿ,

ನಾನು ಗದಗ-ಬೆಟಗೇರ್ಯಾಗ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ ಮಾಡಿ ಮಾರಾಕಿ, ಹನ್ನೊಂದು ವರ್ಷ ಆತು. ನಿಮ್ಮ ಪೇಪರ್ ದಿನಾ ಓದತೀನಿ, ಆದ್ರ ಇನ್ನೋವೇಶನ್ ಅಂತ ಏನರ ಬಂದ್ರ ಅದು ಒಂದೋ ಯಾವುದೋ ಆ್ಯಪ್ ಬಗ್ಗೆ ಇಲ್ಲಾ ಬೆಂಗಳೂರಿನ ಸ್ಟಾರ್ಟಪ್ ಬಗ್ಗೆನ ಇರತೈತಿ, ಶೆಡ್ಡಿನ್ಯಾಗ ಅಡಗಿಮನ್ಯಾಗ ದುಡಿಯೋರ ಸುದ್ದಿ ಇರಂಗಿಲ್ಲ, ಅದಕ್ಕ ಈ ಪತ್ರ.

ಹೋದ ವರ್ಷ ಸಾಲಕ್ಕಂತ ಒಂದ್ ಬ್ಯಾಂಕಿಗೆ ಹೋಗಿದ್ದೆ. ಅವರು ಕೊಟ್ಟ ಫಾರ್ಮಿನ್ಯಾಗ "ನಿಮ್ಮ ಉದ್ದಿಮೆಯಲ್ಲಿ ಹೊಸತನ ಏನು" ಅಂತ ಒಂದ್ ಕಾಲಂ ಇತ್ತು, ನಾನು ಖಾಲಿ ಬಿಟ್ಟೆ. ಅಲ್ಲಿದ್ದ ಸಾಹೇಬ್ರು ಅದನ್ನ ನೋಡಿ "ರೊಟ್ಟಿ ಎಲ್ಲಾರ ಮನ್ಯಾಗೂ ಮಾಡತಾರ ಅಕ್ಕಾರ, ಇದರಾಗ ಹೊಸಾದೇನೈತಿ" ಅಂದ್ರು. ನನಗೂ ಹೌದಲ್ಲ ಅನಿಸ್ತು, ಎದ್ದು ಬಂದೆ.

ಈಗ ನನ್ನ ಮಗಳು ಎಂ.ಕಾಂ ಓದಾಕತ್ಯಾಳ, ಆಕಿ ಪ್ರಾಜೆಕ್ಟಿನ ವಿಷಯ ಸಣ್ಣ ಸಣ್ಣ ದ್ವೀಪ ದೇಶದಾಗ ಸಣ್ಣ ಉದ್ದಿಮಿದಾರ್ರು ಏನ್ ಹೊಸಾದು ಮಾಡ್ಯಾರ, ಅದರಿಂದ ಅವರ ಧಂದೆ ಹೆಂಗ ನಡದೈತಿ ಅಂತ. ಸಂಜಿಮುಂದ ನಾನು ಹಿಟ್ಟು ನಾದೋ ಹೊತ್ತಿನ್ಯಾಗ ಬಾಜೂ ಕುಂತು ಓದಿ ಹೇಳತಾಳ. ಒಂದಿನ ಹೇಳಿದಳು, "ಅವ್ವ, ಓಇಸಿಡಿ ಅಂತ ಬಹಳಷ್ಟು ಶ್ರೀಮಂತ ದೇಶಗಳು ಕೂಡಿದ ಆರ್ಥಿಕ ಸಂಘಟನೆ ಐತಿ, ಇನ್ನೋವೇಶನ್ ಅಂದ್ರೇನು, ಅದನ್ನ ಹೆಂಗ ಅಳೀಬೇಕು ಅಂತ ಹೇಳೋ ಅವರ ಕೈಪಿಡಿ ಓಸ್ಲೋ ಮ್ಯಾನ್ಯುಯಲ್, ಅದರ 2005ರ ಆವೃತ್ತಿ ಪ್ರಕಾರ ಹೊಸಾ ಮಾಲು ತರೋದಷ್ಟ ಇನ್ನೋವೇಶನ್ ಅಲ್ಲ, ಮಾಡೋ ರೀತಿ ಬದಲಿಸಿದ್ರೂ, ಪ್ಯಾಕಿಂಗ್ ಬದಲಿಸಿದ್ರೂ ಅದು ಇನ್ನೋವೇಶನ್ನ." ನಾನು ಹಿಟ್ಟಿನ ಕೈ ಹಂಗ ಹಿಡಕೊಂಡು ಕುಂತೆ. ನಾನು ಖಾಲಿ ಬಿಟ್ಟು ಬಂದ ಕಾಲಂ ನೆನಪಾತು.

ಯಾಕಂದ್ರ ಮೊದಲ ನಮ್ಮ ರೊಟ್ಟಿ ತಾಟಿನಷ್ಟು ಅಗಲ ಇರತಿದ್ವು. ಹಂಚಿನ ಮ್ಯಾಲ ಬೇಯಿಸಿ ಒಲಿ ಸುತ್ತ ನಿಲ್ಲಿಸಿ ಒಣಗಸ್ತಿದ್ವಿ, ಒಣಗಿದಂಗ ಅವು ಸೊಟ್ಟ ಆಗತಿದ್ವು. ಮನ್ಯಾಗ ಬುಟ್ಟ್ಯಾಗ ಇಟಗೊಂಡು ತಿನ್ನೋರಿಗೆ ಅದೇನ್ ತ್ರಾಸ ಇಲ್ಲ, ಆದ್ರ ಪುಣೆಗೆ ಬೆಂಗಳೂರಿಗೆ ಬಸ್ಸಿನ್ಯಾಗ ಪಾರ್ಸಲ್ ಹಾಕಿದ್ರ ಸೊಟ್ಟ ರೊಟ್ಟಿ ಒಂದರ ಮ್ಯಾಲ ಒಂದು ಸರಿಯಾಗಿ ಕುಂದ್ರಂಗಿಲ್ಲ, ನಡುವ ಸಂದಿ ಉಳೀತೈತಿ, ಬಸ್ಸು ಒಂದ್ ಗುಂಡ್ಯಾಗ ಇಳಿದ್ರ ಸಾಕು ಆ ಸಂದ್ಯಾಗ ಲಟಕ್ ಅಂತ ಮುರೀತಾವು. ನೂರು ಕಳಿಸಿದ್ರ ಮೂವತ್ತು ಚೂರಾಗಿ ಮುಟ್ಟತಿದ್ವು. ಗಿರಾಕಿಗೋಳು ವಾಟ್ಸಾಪ್‌ನ್ಯಾಗ ಫೋಟೋ ಹಾಕತಿದ್ರು, ಅವರ ಕಡೆ ರೊಕ್ಕ ಕೇಳಾಕ ನನಗ ಬಾಯಿ ಬರತಿರಲಿಲ್ಲ.

ಇದು ಸರಿ ಆಗಾಕ ಎರಡು ವರ್ಷ ಹಿಡೀತು. ರೊಟ್ಟಿ ಏಳು ಇಂಚಿಗೆ ಇಳಿಸಿದ್ವಿ. ಒಲಿ ಸುತ್ತ ನಿಲ್ಲಿಸೋದು ಬಿಟ್ಟು, ಬಡಿಗ್ಯಾರ ಕಡೆ ಹಿಡಿಕಿ ಇರೋ ದುಂಡನ ಹಲಗಿ ಮಾಡಿಸಿ ಅದಕ್ಕ ಬಟ್ಟಿ ಸುತ್ತಿ, ಸಣ್ಣ ಉರಿ ಇಟ್ಟು ಹಂಚಿನ ಮ್ಯಾಲನ ಒತ್ತಿ ಒತ್ತಿ ಖಡಕ್ ಮಾಡಾಕ ಶುರು ಮಾಡಿದ್ವಿ, ರೊಟ್ಟಿ ಸಪಾಟ ಬಂದ್ವು. ಹತ್ತು ರೊಟ್ಟಿಗೊಂದು ದುಂಡನ ರಟ್ಟು, ರೊಟ್ಟಿ ಅಳತಿಗೆ ಬರೋಬ್ಬರಿ ಕುಂದ್ರೋ ಡಬ್ಬಿ. ಈಗ ನೂರಕ್ಕ ನಾಕೈದು ಮುರಿದ್ರ ಭಾಳ ಆತು. ಗಿರಾಕಿ ಮೂರು ಪಟ್ಟಾತು, ಮೊದಲ ನಾನೂ ನಮ್ಮ ನಾದಿನಿನೂ ಇಬ್ಬರ ಇದ್ವಿ, ಈಗ ಏಳು ಮಂದಿ ಹೆಣ್ಣಮಕ್ಕಳು ರೊಟ್ಟಿ ಬಡೀತೀವಿ.

ಆ ದ್ವೀಪದವರ ಕತಿನೂ ಇದರಾಂಗನ ಐತ್ರಿ. ಅವರಿಗೆ ಊರಾಗಿನ ಮಾರ್ಕೆಟ್ ಸಣ್ಣದು, ಹೊರಗಿಂದ ಬರೋದೆಲ್ಲಾ ಹಡಗಿನ್ಯಾಗ ಬರಬೇಕು, ಬೆಳಿ ಒಂದ ನಮೂನಿ, ಅದೂ ಒಂದ್ ಬಿರುಗಾಳಿಗೆ ಹೋಗಿಬಿಡತೈತಿ. ಕೆರಿಬಿಯನ್ ಸಮುದ್ರದ ಕಡೆ ಗ್ರೆನೇಡಾ ಅಂತ ದ್ವೀಪ ದೇಶ, ಮಂದಿ ಒಂದು ಲಕ್ಷದ ಮ್ಯಾಲ ಸ್ವಲ್ಪ, 2011ರ ಜನಗಣತಿ ಪ್ರಕಾರ ನಮ್ಮ ಗದಗ-ಬೆಟಗೇರ್ಯಾಗ 1.72 ಲಕ್ಷ ಮಂದಿ, ಅಂದ್ರ ಅದು ನಮ್ಮ ಊರಿಗಿಂತ ಸಣ್ಣದು. ಅವರ ಬಾವುಟದಾಗ ಜಾಯಿಕಾಯಿ ಚಿತ್ರ ಐತಿ, ಅಷ್ಟು ಅದನ್ನ ನಂಬಿದ್ದ ಮಂದಿ. 2004ರ ಸೆಪ್ಟೆಂಬರ್‌ನ್ಯಾಗ ಇವಾನ್ ಅನ್ನೋ ಚಂಡಮಾರುತ ಬಂದು ಆ ಗಿಡ ಬಹುತೇಕ ಎಲ್ಲಾ ಕೆಡವಿತು, ಹೊಸಾ ಗಿಡ ಹಚ್ಚಿದ್ರ ಫಲ ಕೊಡಾಕ ವರ್ಷಗಟ್ಲೆ ಕಾಯಬೇಕು. ಅದ ದ್ವೀಪದಾಗ ಆ ಚಂಡಮಾರುತಕ್ಕೂ ಮೊದಲ, 1999ರಾಗ ಮಾಟ್ ಗ್ರೀನ್ ಅನ್ನಾವ ಗೆಳ್ಯಾರನ್ನ ಕೂಡಿಸಿಕೊಂಡು ಒಂದ್ ಸಣ್ಣ ಚಾಕಲೇಟ್ ಕಂಪನಿ ಚಾಲೂ ಮಾಡಿದ್ದ. ಕೋಕೋ ಬೀಜ ಹಂಗ ಮೂಟೆ ಕಟ್ಟಿ ಪರದೇಶಕ್ಕ ಕಳಿಸೋ ಬದಲಿ ಬೆಳೆದ ಊರಾಗನ ಚಾಕಲೇಟು ಮಾಡೋದು, ಹಳೇ ಮಷಿನ್ ತಂದು ರಿಪೇರಿ ಮಾಡಿಕೊಂಡು ಸೋಲಾರ್ ಕರೆಂಟ್ ಮ್ಯಾಲ ನಡಸೋದು. ಬೀಜಕ್ಕ ಸಿಗೋ ರೇಟ್ ಬ್ಯಾರೆ, ಚಾಕಲೇಟಿಗೆ ಸಿಗೋ ರೇಟ್ ಬ್ಯಾರೆ, ಆ ನಡುವಿನ ರೊಕ್ಕ ಊರಾಗ ಉಳೀತು.

ನನಗ ಭಾಳ ಹಿಡಿಸಿದ್ದು ಅದ ಕಡೆಯ ಇನ್ನೊಂದು ದ್ವೀಪ ಬಾರ್ಬಡೋಸ್‌ದು. ಮೂರು ಲಕ್ಷ ಮಂದಿನೂ ಇಲ್ಲದ ದೇಶ, ನಮ್ಮ ಹುಬ್ಬಳ್ಳಿ-ಧಾರವಾಡದಾಗ 2011ಕ್ಕನ 9.43 ಲಕ್ಷ ಇದ್ರು. 1970ರ ದಶಕದಾಗ ಕಚ್ಚಾ ಎಣ್ಣಿ (ಪೆಟ್ರೋಲ್, ಡೀಸೆಲ್ ಮಾಡೋ ಎಣ್ಣಿ) ರೇಟ್ ಏರಿದಾಗ ಅಲ್ಲಿ ಕೆಲವು ಮಂದಿ ಬಿಸಿಲಿಂದ ನೀರು ಕಾಸೋ ಹೀಟರ್ ಊರಾಗನ ಮಾಡಾಕ ಹತ್ತಿದ್ರು. ಅಲ್ಲಿ ಸರ್ಕಾರ ಏನ್ ಮಾಡಿತು ನೋಡ್ರಿ, 1974ರ ಕಾಯ್ದೆಯಿಂದ ಆ ಸೋಲಾರ್ ಹೀಟರಿನ ಕಚ್ಚಾಮಾಲಿನ ಮ್ಯಾಲ ಆಮದು ಸುಂಕ ತಗದ್ರು, ಕರೆಂಟ್ ಹೀಟರ್ ಮ್ಯಾಲ 30 ಪರ್ಸೆಂಟ್ ತೆರಿಗಿ ಕುಂದ್ರಿಸಿದ್ರು, 1980ರಾಗ ಮನಿಗೆ ಹೀಟರ್ ಹಾಕಿಸಿದವರಿಗೆ ಇನ್‌ಕಂ ಟ್ಯಾಕ್ಸಿನ್ಯಾಗ ಮಾಫಿ ಕೊಟ್ರು. ಹತ್ತಾರು ಸಾವಿರ ಮನಿ ಮಾಳಗಿ ಮ್ಯಾಲ ಅದು ಬಂತು, ಮಾಡೋರಿಗೆ ಧಂದೆ, ಹಾಕಿಸಿದೋರಿಗೆ ಬಿಲ್ ಉಳಿತಾಯ. ಐಸ್‌ಲ್ಯಾಂಡ್‌ನ್ಯಾಗ ಮೂರು ಸಾವಿರ ಮಂದಿನೂ ಇಲ್ಲದ ಇಸಾಫ್ಯೋರ್ದುರ್ ಅನ್ನೋ ಊರಾಗ ಶುರುವಾದ ಕೆರೆಸಿಸ್ ಕಂಪನಿ ಕಾಡ್ ಅನ್ನೋ ಸಮುದ್ರ ಮೀನಿನ ಚರ್ಮದಿಂದ ಗಾಯಕ್ಕ ಹಚ್ಚೋ ಪಟ್ಟಿ ಮಾಡಿತು, 2023ರಾಗ ಅದನ್ನ ಡೆನ್ಮಾರ್ಕಿನವರು 130 ಕೋಟಿ ಡಾಲರ್ ತನಕ ಕೊಡತೀವಂತ ಒಪ್ಪಿ ತಗೊಂಡ್ರು. ಮೀನಿನ ಚರ್ಮ ಅಂದ್ರ ಕೆಲಸಕ್ಕ ಬಾರದ್ದು ಅಂತನ ಎಲ್ಲಾರೂ ತಿಳಕೊಂಡಿದ್ದು.

ಒಂದ್ ಮಾತು ಒಪ್ಪಬೇಕು, ಆ ದ್ವೀಪದವರಿಗೆ ತಮ್ಮದ ಸರ್ಕಾರ ಐತಿ, ತೆರಿಗಿ ತಾವ ಹಾಕತಾರ ತಾವ ತಗೀತಾರ. ನಮ್ಮ ಜಿಲ್ಲಾದವರಿಗೆ ಅದು ಬರಂಗಿಲ್ಲ. ಅಷ್ಟಕ್ಕ ನಮ್ಮ ಕಡೆ ಹೊಸಾದು ಮಾಡೋ ತಲಿ ಇಲ್ಲಂತಲ್ಲ. ಹಾವೇರಿ ಸುತ್ತ ಏಲಕ್ಕಿ ತೋಟ ಎಲ್ಲೈತ್ರಿ? ಮಲೆನಾಡಿಂದ ಬಂದ ಏಲಕ್ಕಿನ ಅಲ್ಲಿ ತೊಳದು ಬಣ್ಣ ತಂದು, ಹಾರ ಪೋಣಿಸಿ, ಹಾವೇರಿ ಅಂದ್ರ ಏಲಕ್ಕಿ ಅನ್ನೋಹಂಗ ಮಾಡಿದ್ರು. ನಮ್ಮ ಜಿಲ್ಲಾದ ಕಣಗಿನಹಾಳದಾಗ 1905ರಾಗನ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನ ಕೂಡಿಸಿ ದೇಶದಾಗನ ಮೊದಮೊದಲ ಸಹಕಾರಿ ಸಂಘಗಳಾಗ ಒಂದನ್ನ ಕಟ್ಟಿದ್ರು, ಸಾಲಕ್ಕ ಸಾಹುಕಾರ್ರ ಬಾಗಲಿಗೆ ಹೋಗೋದು ತಪ್ಪಲಿ ಅಂತ. ಇದಕ್ಕಿಂತ ದೊಡ್ಡ ಇನ್ನೋವೇಶನ್ ಯಾವುದು?

ಸರ್ಕಾರದ ಒಂದ್ ನಿರ್ಣಯ ಬಾರ್ಬಡೋಸಿನ ಸಣ್ಣ ಉದ್ದಿಮಿನ ಎತ್ತಿತು, ಇಲ್ಲಿ ಹುಬ್ಬಳ್ಳಿ ಬೆಂಗೇರ್ಯಾಗ ಉಲ್ಟಾ ಆತು. ಖಾದಿ ರಾಷ್ಟ್ರಧ್ವಜ ಮಾಡೋ ಆ ಹೆಣ್ಣಮಕ್ಕಳು ಒಂದೊಂದು ಹೊಲಿಗಿ ಎಣಿಸಿ ಕೆಲಸ ಮಾಡತಾರ, ಅಳತಿ ಕೂದಲೆಳಿಯಷ್ಟು ತಪ್ಪಿದ್ರೂ ಬಾವುಟ ಪಾಸಾಗಂಗಿಲ್ಲ. 2021ರ ಡಿಸೆಂಬರ್ 30ಕ್ಕ ಧ್ವಜ ಸಂಹಿತೆ ತಿದ್ದಿ ಪಾಲಿಸ್ಟರ್‌ಗೂ ಮಷಿನ್ ಬಾವುಟಕ್ಕೂ ಒಪ್ಪಿಗಿ ಕೊಟ್ರು, ಬೆಂಗೇರಿ ಆರ್ಡರ್ ಇಳದ್ವು. ಅವರ ಕೆಲಸದಾಗ ಏನೂ ತಪ್ಪಿರಲಿಲ್ಲ. ಇದು ನನ್ನ ಮನಸಿಗೆ ಭಾಳ ಹತ್ತೈತಿ.

ನಾನು ಕೇಳೋದು ದೊಡ್ಡದಲ್ಲ. ಸಬ್ಸಿಡಿ ಸ್ಕೀಮ್ ಅದಾವು, ಸಣ್ಣ ಆಹಾರ ಉದ್ದಿಮಿಗೋಳಿಗೆ ಅಂತ ಕೇಂದ್ರ ಸರ್ಕಾರ ಮಾಡಿದ ಪಿಎಂಎಫ್‌ಎಂಇ ಸ್ಕೀಮಿನೊಳಗ 35 ಪರ್ಸೆಂಟ್, ಹತ್ತು ಲಕ್ಷದ ತನಕ ಅಂತ ಐತಿ, ಆದ್ರ ಅದು ಮಷಿನ್ ತಗೊಳ್ಳೋರಿಗೆ ಅನುಕೂಲ, ನನಗ ಅಡ್ಡಿ ಆಗಿದ್ದು ಮಷಿನ್ ಅಲ್ಲ. ಚಟ್ನಿ ಎಷ್ಟ್ ದಿನ ಕೆಡದ ಇರತೈತಿ ಅಂತ ಟೆಸ್ಟ್ ಮಾಡಸಾಕ ನಾನು ಬೆಂಗಳೂರಿಗೆ ಸ್ಯಾಂಪಲ್ ಕಳಿಸಿದೆ, ರಿಪೋರ್ಟ್ ಬರೂದರಾಗ ಆ ಸೀಸನ್ ಮುಗದಿತ್ತು. ಡಬ್ಬಿ ಮಾಡೋರು ಎರಡು ಸಾವಿರಕ್ಕಿಂತ ಕಡಿಮಿ ಅಂದ್ರ ಮಾಡಂಗಿಲ್ಲ ಅಂದ್ರು. ಗದಗಿನ್ಯಾಗ ಒಂದ್ ಜಾಗಾ ಬೇಕು, ನಮ್ಮಂಥಾವ್ರು ತಾಸಿಗಿಷ್ಟು ಅಂತ ಬಾಡಿಗಿ ಕೊಟ್ಟು ಪ್ಯಾಕಿಂಗ್ ಮಾಡಿಕೊಳ್ಳೋಹಂಗ, ಸ್ಯಾಂಪಲ್ ಟೆಸ್ಟ್ ಮಾಡಿಸೋಹಂಗ, ಡಬ್ಬಿ ಲೇಬಲ್ ಎಲ್ಲಾರೂ ಕೂಡಿ ಆರ್ಡರ್ ಕೊಡೋಹಂಗ. ಜಿಲ್ಲಾ ಕೈಗಾರಿಕಾ ಕೇಂದ್ರದವರು ಇದನ್ನ ಓದಿದ್ರ ದಯಮಾಡಿ ಒಂದ್ ಸಲ ಬಂದು ನಮ್ಮ ಜೋಡಿ ಕುಂತು ಮಾತಾಡ್ರಿ. ಪೇಪರ್‌ನವರಿಗೂ ಒಂದ್ ವಿನಂತಿ, ವಾರಕ್ಕೊಂದ ಸಲ ಆದ್ರೂ ನವಲಗುಂದದ ಜಮಖಾನಿ ನೇಯೋರು, ಬ್ಯಾಡಗಿ ಮೆಣಸಿನಕಾಯಿ ತೊಟ್ಟು ಬಿಡಿಸೋರು, ಬೆಟಗೇರಿ ಮಗ್ಗದವರು ಏನ್ ಬದಲಿ ಮಾಡಿಕೊಂಡಾರ ಅಂತ ಕೇಳಿ ಬರೀರಿ.

ಡಬ್ಬಿದಂತೂ ನಾವ ಒಂದ್ ದಾರಿ ಮಾಡಿಕೊಂಡೀವಿ. ಶೇಂಗಾ ಹೋಳಗಿ ಮಾಡೋರೊಬ್ರು, ಕರದಂಟು ಮಾಡೋರಿಬ್ರು, ನಾನು, ನಾಕೂ ಮಂದಿ ಕೂಡಿ ಒಂದ ಅಳತಿ ಡಬ್ಬಿ ಎರಡು ಸಾವಿರ ಮಾಡಸಾಕ ಕೊಟ್ಟೀವಿ, ಹೆಸರು ಮಾತ್ರ ಬ್ಯಾರೆ ಬ್ಯಾರೆ ಚೀಟಿ ಹಚ್ಚತೀವಿ. ಮುಂದಿನ ತಿಂಗಳು ಮತ್ತ ಆ ಬ್ಯಾಂಕಿಗೆ ಹೋಗಾಕಿ ಅದೀನಿ, ಈ ಸಲ ಆ ಕಾಲಂ ತುಂಬತೀನಿ.

ಇಂತಿ ನಿಮ್ಮ ಓದುಗಳು,
ಬೆಟಗೇರಿ, ಗದಗ