ಮೊದಲು ಬೆನ್ನು, ಆಮೇಲೆ ಜೀನು

ಮೈಸೂರು

ಚಿ. ಅನಘಾಳಿಗೆ ನಿನ್ನ ಚಿಕ್ಕಪ್ಪ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ನೀನು ಕಳಿಸಿದ ಜೀನಿನ ಫೋಟೋಗಳನ್ನೆಲ್ಲ ನೋಡಿದೆ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ "ಆಯ್ತು ಚಿಕ್ಕಪ್ಪ" ಅಂದು ಇಟ್ಟುಬಿಡುತ್ತೀ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಜರ್ಮನಿಯ ಸೆಕೆಂಡ್ ಹ್ಯಾಂಡ್ ಮಾಲು, ಚರ್ಮ ಚೆನ್ನಾಗಿದೆ, ಬೆಲೆಯೂ ಹೊಸದರ ಅರ್ಧಕ್ಕಿಂತ ಕಡಿಮೆ. ಆಸೆಯಾಗುವುದು ಸಹಜ. ಆದರೆ ಅಷ್ಟು ಫೋಟೋಗಳಲ್ಲಿ ಒಂದರಲ್ಲೂ ಜೀನಿನ ಅಡಿಭಾಗ ಕಾಣಿಸುವುದಿಲ್ಲ. ನಿನ್ನ ಕುದುರೆ ರಾಣಿಯ ಬೆನ್ನಂತೂ ಇಲ್ಲವೇ ಇಲ್ಲ. ನಾನು ನೋಡಬೇಕಾಗಿದ್ದದ್ದು ಅವೆರಡನ್ನೇ.

2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕುದುರೆಯನ್ನು ಲಯಬದ್ಧವಾಗಿ ನಡೆಸಿ ತೋರಿಸುವ ಡ್ರೆಸ್ಸಾಜ್ ಸ್ಪರ್ಧೆಯಲ್ಲಿ ನಮ್ಮ ತಂಡ ಚಿನ್ನ ಗೆದ್ದಿತಲ್ಲ, 1982ರ ದೆಹಲಿ ಏಷ್ಯಾಡ್ ಆದಮೇಲೆ ಕುದುರೆ ಸವಾರಿಯಲ್ಲಿ ದೇಶಕ್ಕೆ ಬಂದ ಮೊದಲ ಚಿನ್ನ ಅದು. ಆಗಿನಿಂದ ನಿಮ್ಮ ಲಾಯದ ಹುಡುಗರೆಲ್ಲ ಯುರೋಪಿನ ಜೀನು ಅಂದರೆ ಪ್ರಾಣ ಬಿಡುತ್ತಾರೆ ಅಂತ ನೀನೇ ಹೇಳಿದ್ದೆ. ಆ ತಂಡದವರು ಏರಿದ್ದು ಯುರೋಪಿನ ವಾರ್ಮ್‌ಬ್ಲಡ್ ಕುದುರೆಗಳನ್ನು. ಅಗಲ ಬೆನ್ನು, ತುಂಬಿದ ಭುಜ. ನಿನ್ನ ರಾಣಿ ರೇಸ್ ಕೋರ್ಸ್ ಬಿಟ್ಟು ಬಂದ ಥರೋಬ್ರೆಡ್. ಕತ್ತು ಬೆನ್ನು ಕೂಡುವಲ್ಲಿನ ಉಬ್ಬು, ಅಂದರೆ ವಿದರ್ಸ್, ಎತ್ತರ, ಅದರ ಎರಡೂ ಪಕ್ಕ ಗುಳಿ, ಮೈ ಕಿರಿದು. ಅಲ್ಲಿನ ಕುದುರೆಗೆ ಅಂತ ಮಾಡಿದ ಅಗಲ ಟ್ರೀಯ, ಅಂದರೆ ಅಗಲ ಒಳಚೌಕಟ್ಟಿನ ಜೀನನ್ನು ಇವಳ ಮೇಲೆ ಇಟ್ಟರೆ ಮುಂಭಾಗ ಕುಸಿದು ವಿದರ್ಸ್ ಮೇಲೆ ಕೂರುತ್ತದೆ, ನೀನು ಮುಂದಕ್ಕೆ ವಾಲುತ್ತೀ, ಎಷ್ಟು ತಿದ್ದಿದರೂ ನಿನ್ನ ಕೂರುವ ರೀತಿ ಸರಿಹೋಗದು. ನಿನ್ನ ಕೋಚು ನಿನ್ನನ್ನು ಬೈಯುತ್ತಾರೆ, ತಪ್ಪು ಜೀನಿನದು.

ಹಾಗಂತ ತೀರಾ ಕಿರಿದಾದದ್ದನ್ನೂ ತರಬೇಡ. ಟ್ರೀ ಕಿರಿದಾದರೆ ಮುಂಭಾಗ ಎದ್ದು ನಿಂತು, ಎರಡೂ ತುದಿಗಳು ಭುಜದ ಹಿಂದಿನ ಸ್ನಾಯುವನ್ನು ಇಕ್ಕಳದಲ್ಲಿ ಹಿಡಿದ ಹಾಗೆ ಒತ್ತುತ್ತವೆ. ಮೀಡಿಯಂ, ವೈಡ್ ಅಂತ ಬರೆದಿರುವುದನ್ನು ನಂಬಿ ಕೂರಬೇಡ. ಎಲ್ಲ ತಯಾರಕರಿಗೂ ಒಂದೇ ಅಳತೆಗೋಲು ಅಂತ ಇಲ್ಲ. ಒಬ್ಬರ ಮೀಡಿಯಂ ಇನ್ನೊಬ್ಬರ ನ್ಯಾರೋ ಆಗಿರುತ್ತದೆ. ಕಾನ್ಪುರದ ಜೀನಾದರೂ ಅಷ್ಟೆ, ಇಂಗ್ಲೆಂಡಿನ ವಾಲ್ಸಾಲ್‌ನದಾದರೂ ಅಷ್ಟೆ.

ಈ ಭಾನುವಾರ ಒಂದು ಕೆಲಸ ಮಾಡು. ಡ್ರಾಯಿಂಗ್ ಸಾಮಾನಿನ ಅಂಗಡಿಯಲ್ಲಿ ಬಾಗಿಸಿದ ಹಾಗೆ ನಿಲ್ಲುವ ಉದ್ದನೆಯ ರಬ್ಬರ್ ಸ್ಕೇಲು ಸಿಗುತ್ತದೆ. ರಾಣಿಯನ್ನು ಸಮತಟ್ಟು ನೆಲದಲ್ಲಿ ನಾಲ್ಕು ಕಾಲಿಗೂ ಸಮ ಭಾರ ಬರುವ ಹಾಗೆ ನಿಲ್ಲಿಸು, ತಲೆ ನೇರ ಇರಲಿ, ಲಾಯದ ಆಳು ಸೈಸ್ ಹಿಡಿದುಕೊಂಡಿರಲಿ. ಭುಜದ ಹಲಗೆಯ ಹಿಂದಂಚನ್ನು ಕೈಯಿಂದ ತಡವಿ ಹುಡುಕಿ ಸೀಮೆಸುಣ್ಣದಲ್ಲಿ ಗೆರೆ ಎಳೆ. ಅದರಿಂದ ಎರಡು ಬೆರಳು ಹಿಂದೆ ಸ್ಕೇಲನ್ನು ಬೆನ್ನಿನ ಮೇಲೆ ಅಡ್ಡಲಾಗಿ ಹಾಕಿ ಮೈಗೆ ಅಂಟುವಂತೆ ಒತ್ತು, ಆಕಾರ ಕೆಡದ ಹಾಗೆ ಎತ್ತಿ ಹಾಳೆಯ ಮೇಲಿಟ್ಟು ಬರೆದುಕೋ. ಬೆನ್ನು ತೀರಾ ತಗ್ಗಾಗಿರುವಲ್ಲಿ ಒಂದು, ಜೀನು ಮುಗಿಯುವಲ್ಲಿ ಒಂದು. ಆಮೇಲೆ ಬೆನ್ನೆಲುಬಿನ ಉದ್ದಕ್ಕೆ, ವಿದರ್ಸ್‌ನಿಂದ ಹಿಂದಕ್ಕೆ ಇನ್ನೊಂದು. ಹಾಳೆಯ ಮೇಲೆ ತಾರೀಕು ಹಾಕುವುದನ್ನು ಮರೆಯಬೇಡ. ಮೂರು ತಿಂಗಳು ಬಿಟ್ಟು ಮತ್ತೆ ತೆಗೆದರೆ ತಾರೀಕು ಯಾಕೆ ಅಂದೆ ಅಂತ ಗೊತ್ತಾಗುತ್ತದೆ. ರೇಸಿನ ಓಟ ಬಿಟ್ಟು, ಹೊಟ್ಟೆ ಎತ್ತಿ ಬೆನ್ನು ದುಂಡಗೆ ಮಾಡಿ ನಡೆಯುವುದನ್ನು ಕಲಿತ ಕುದುರೆಯ ಮೇಲ್ಬೆನ್ನು ಮೊದಲ ವರ್ಷದಲ್ಲೇ ತುಂಬಿಕೊಳ್ಳುತ್ತದೆ. ಇವತ್ತಿನ ಬೆನ್ನಿಗೆ ಕಚ್ಚಿ ಕೂರುವ ದುಬಾರಿ ಜೀನು ಬರುವ ಯುಗಾದಿಗೆ ಬಿಗಿಯಾಗಿರುತ್ತದೆ. ಅದಕ್ಕೇ ನಾನು ಹೇಳುವುದು: ಈಗ ಟ್ರೀಯ ಅಗಲ ಬದಲಿಸಬಹುದಾದ, ಅಡಿಯ ಮೆತ್ತೆಯಲ್ಲಿ, ಅಂದರೆ ಪ್ಯಾನಲ್‌ನಲ್ಲಿ ಉಣ್ಣೆ ತುಂಬಿದ ಸಾಧಾರಣ ಬೆಲೆಯ ಜೀನು ಸಾಕು. ಉಣ್ಣೆಯಾದರೆ ಬಿಚ್ಚಿ ಸೇರಿಸಬಹುದು, ತೆಗೆಯಬಹುದು. ಫೋಮಿನದರಲ್ಲಿ ಆ ಸೌಲಭ್ಯ ಇಲ್ಲ. ದೊಡ್ಡ ದುಡ್ಡನ್ನು ಅವಳ ಬೆನ್ನು ಒಂದು ಹದಕ್ಕೆ ನಿಂತಮೇಲೆ ಹಾಕು.

ಜೀನನ್ನು ಇಟ್ಟು ನೋಡುವಾಗ ಬಟ್ಟೆ, ಪ್ಯಾಡು ಏನೂ ಬೇಡ, ಬರೀ ಬೆನ್ನು. ಸ್ವಲ್ಪ ಮುಂದಕ್ಕೇ ಇಟ್ಟು ಹಿಂದಕ್ಕೆ ಜಾರಿಸು, ತಾನಾಗಿ ಎಲ್ಲಿ ನಿಲ್ಲುತ್ತದೋ ಅದೇ ಅದರ ಜಾಗ. ಸುಣ್ಣದ ಗೆರೆಯನ್ನು ಟ್ರೀ ದಾಟಿ ಮುಂದೆ ಹೋಗಕೂಡದು. ಸೈಸ್‌ಗೆ ಮುಂಗಾಲನ್ನು ಮುಂದಕ್ಕೆ ಎಳೆಯಲು ಹೇಳಿ ನಿನ್ನ ಕೈಯನ್ನು ಜೀನಿನ ಮುಂಭಾಗದಡಿ ಇಟ್ಟುಕೋ. ಕಾಲು ಮುಂದೆ ಬಂದಾಗ ಭುಜದ ಹಲಗೆಯ ಮೇಲ್ತುದಿ ಹಿಂದಕ್ಕೆ ತಿರುಗುವುದು ಕೈಗೇ ತಿಳಿಯುತ್ತದೆ. ಅಲ್ಲಿ ಜಾಗ ಇಲ್ಲದಿದ್ದರೆ ಟ್ರಾಟ್ ನಡಿಗೆ ನೀಳವಾಗಲಿ ಅಂತ ನೀನು ಎಷ್ಟು ಕಾಲು ಒತ್ತಿದರೂ ಅವಳು ಚಿಕ್ಕ ಹೆಜ್ಜೆಯನ್ನೇ ಹಾಕುತ್ತಾಳೆ.

ಅಂಗೈ ಮೇಲೆ ಮಾಡಿ ಪ್ಯಾನಲ್‌ನ ಅಡಿಯಲ್ಲಿ ಮುಂದಿನಿಂದ ಹಿಂದಕ್ಕೆ ಸರಿಸುತ್ತಾ ಹೋಗು. ಒತ್ತಡ ಎಲ್ಲ ಕಡೆ ಸಮ ಇರಬೇಕು. ಮುಂದೆ ಹಿಂದೆ ಬಿಗಿ, ನಡುವೆ ಕೈ ಸಲೀಸಾಗಿ ಆಡಿದರೆ ನಮ್ಮೂರ ಹಳ್ಳಕ್ಕೆ ಹಾಕುತ್ತಿದ್ದ ಅಡಿಕೆ ಮರದ ಸಂಕದಂತೆ ಎರಡೇ ತುದಿಯಲ್ಲಿ ಊರಿದೆ ಅಂತ ತಿಳಿ. ನಿನ್ನ ಭಾರವೆಲ್ಲ ಆ ನಾಲ್ಕು ಅಂಗುಲದ ಜಾಗಗಳ ಮೇಲೆ. ಎರಡು ಪ್ಯಾನಲ್‌ಗಳ ನಡುವಿನ ಕಾಲುವೆ ಮುಂದಿನಿಂದ ಕೊನೆಯವರೆಗೂ ಮೂರು ನಾಲ್ಕು ಬೆರಳು ಅಗಲ ಇದ್ದು ಬೆನ್ನೆಲುಬಿಗೆ ಎಲ್ಲೂ ತಾಗಬಾರದು. ಹಿಂದೆ, ಕೊನೆಯ ಪಕ್ಕೆಲುಬಿಗಿಂತ ಆಚೆ ಪ್ಯಾನಲ್ ಹೋಗಕೂಡದು. ಅಲ್ಲಿಂದಾಚೆಗೆ ಭಾರ ಹೊರಲು ಕೆಳಗೆ ಪಕ್ಕೆಲುಬಿನ ಆಸರೆ ಇಲ್ಲ.

ಇಲ್ಲೇ ನಿನಗೂ ಅವಳಿಗೂ ತಕರಾರು ಬರುವುದು. ನೀನು ಅಣ್ಣನ ಹಾಗೆ ಉದ್ದ ಕಾಲಿನವಳು, ತೊಡೆ ಉದ್ದ. ನಿನಗೆ ಹದಿನೆಂಟು ಇಂಚಿನ ಸೀಟು ಬೇಕು ಅನ್ನಿಸುತ್ತದೆ. ರಾಣಿಯ ಬೆನ್ನು ಗಿಡ್ಡ. ಆದರೆ ಸೀಟಿನ ಅಳತೆ ಬೇರೆ, ಪ್ಯಾನಲ್‌ನ ಉದ್ದ ಬೇರೆ ಅನ್ನುವುದನ್ನು ಅಂಗಡಿಯವರು ತಾವಾಗಿ ಹೇಳುವುದಿಲ್ಲ. ಒಂದೇ ಹದಿನೇಳೂವರೆ ಇಂಚಿನ ಎರಡು ಜೀನುಗಳಲ್ಲಿ ಒಂದರ ಪ್ಯಾನಲ್ ಹಿಂದಕ್ಕೆ ಚಾಚಿಕೊಂಡಿರುತ್ತದೆ, ಇನ್ನೊಂದರದು ಮೇಲಕ್ಕೆ ತಿರುಗಿ ಬೇಗ ಮುಗಿಯುತ್ತದೆ. ನಿನಗೆ ಬೇಕಾದದ್ದು ಎರಡನೆಯದು, ಜೊತೆಗೆ ಕಾಲಿನಡಿ ಇಳಿಬೀಳುವ ಉದ್ದ ಫ್ಲ್ಯಾಪ್. ಅದೂ ಹೊಂದದಿದ್ದರೆ ನಿನ್ನ ಸೀಟು ಅರ್ಧ ಇಂಚು ಕಡಿಮೆಯಾಗಲಿ, ಅವಳ ಬೆನ್ನಿನ ಮೇಲೆ ಅರ್ಧ ಇಂಚು ಜಾಸ್ತಿಯಾಗುವುದು ಬೇಡ. ಇದರಲ್ಲಿ ನನ್ನದು ಬೇರೆ ಮಾತಿಲ್ಲ.

ನಿನಗೆ ಹೊಂದುತ್ತದೆಯೇ ಅನ್ನುವುದನ್ನು ಪಾದ ಊರುವ ಸ್ಟಿರಪ್ ತೆಗೆದು ಕೂತು ನೋಡು. ಕಾಲು ಸೊಂಟದಿಂದ ಸುಮ್ಮನೆ ಇಳಿಬೀಳಬೇಕು, ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ಗೆರೆಯಲ್ಲಿ. ನಿನ್ನ ಹಿಂದೆ ನಾಲ್ಕು ಬೆರಳು ಜಾಗ ಉಳಿದರೆ ಸರಿ. ಸ್ಟಿರಪ್ ತೂಗುವ ಕಂಬಿ ಮುಂದಿದ್ದರೆ ಕುರ್ಚಿಯಲ್ಲಿ ಕೂತವಳಂತೆ ಪಾದ ಮುಂದೆ ಹೋಗುತ್ತದೆ, ಅದನ್ನು ಅಭ್ಯಾಸದಿಂದ ತಿದ್ದಲಾಗದು. ಎರಡು ತೊಡೆಗಳ ನಡುವೆ ಬರುವ ಭಾಗ ಅಗಲವಾಗಿದ್ದರೆ ಸೊಂಟದ ಕೀಲು ನೋಯುತ್ತದೆ. ಮಂಡಿಯ ಮುಂದಿನ ದೊಡ್ಡ ಬ್ಲಾಕುಗಳು ನನಗೆ ಹಿಡಿಸುವುದಿಲ್ಲ. ಮೊದಲ ದಿನ ಭದ್ರ ಅನ್ನಿಸುತ್ತದೆ, ಆಮೇಲೆ ತೊಡೆ ಅಲ್ಲೇ ಸಿಕ್ಕಿಕೊಂಡು ಕುದುರೆಯ ಜೊತೆ ಆಡುವುದನ್ನೇ ಮರೆಯುತ್ತದೆ. ನಿಮ್ಮ ಕಾಲದವರಿಗೆ ಅದೇ ಇಷ್ಟ, ಇರಲಿ.

ಅಷ್ಟೂ ಸರಿಬಂದರೆ ತೆಳ್ಳನೆಯ ಬಿಳಿ ಹತ್ತಿ ಬಟ್ಟೆ ಹಾಕಿ ಅರ್ಧ ಗಂಟೆ ಸವಾರಿ ಮಾಡು. ಎರಡೂ ಕಡೆಗೆ, ಕ್ಯಾಂಟರ್ ಓಟ ಸಮೇತ, ಸೈಸ್ ಹಿಂದಿನಿಂದ ವಿಡಿಯೋ ತೆಗೆಯಲಿ. ಜೀನು ಒಂದೇ ಕಡೆಗೆ ಜಾರುತ್ತಿದೆಯಾ ಅಂತ ಅದರಲ್ಲಿ ಕಾಣುತ್ತದೆ. ಇಳಿದಮೇಲೆ ಬೆವರು ನೋಡು. ಎಡಬಲ ಒಂದೇ ಥರ ಒದ್ದೆಯಾಗಿರಬೇಕು. ಒದ್ದೆಯ ನಡುವೆ ಅಂಗೈಯಗಲ ಒಣಗಿದ ತೇಪೆ ಕಂಡರೆ ಅನುಮಾನ ಪಡು, ಬೆವರೇ ಬಾರದಷ್ಟು ಅಲ್ಲಿ ಒತ್ತಿರಬಹುದು. ವಿದರ್ಸ್ ಪಕ್ಕದಲ್ಲಿ ಅವಳಿಗೆ ಬಿಳಿ ಕೂದಲು ಇದೆ ಅಂದಿದ್ದೆಯಲ್ಲ, ಅದು ಹಳೆಯ ಜೀನು ಒತ್ತಿದ ಗುರುತು. ಹೊಟ್ಟೆಯ ಪಟ್ಟಿ ಗರ್ತನ್ನು ಬಿಗಿಯುವಾಗ ಕಿವಿ ಹಿಂದೆ ಮಾಡಿ ಕಚ್ಚಲು ಬರುವುದನ್ನು ಹಟ ಅಂತ ಎಣಿಸಿ ಗದರಬೇಡ. ಜೀನು ಬದಲಾದಮೇಲೂ ಹಾಗೇ ಮಾಡಿದರೆ ಪಶುವೈದ್ಯರಿಗೆ ತೋರಿಸು, ಹೊಟ್ಟೆಯ ಹುಣ್ಣೂ ಇರಬಹುದು.

ಬಿಗಿ ಜೀನಿನಡಿ ದಪ್ಪ ಜೆಲ್ ಪ್ಯಾಡ್ ತುರುಕಿದರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡ, ಇನ್ನೂ ಬಿಗಿಯಾಗುತ್ತದೆ ಅಷ್ಟೆ.

ಆ ಜರ್ಮನ್ ಜೀನನ್ನು ಇಷ್ಟಾದರೂ ನೋಡಲೇಬೇಕು ಅಂದರೆ ಹೋಗಿ ನೋಡು. ಜೀನಿನ ಮುಂದಿನ ಏರು ಪಾಮೆಲನ್ನು ಹೊಟ್ಟೆಗೆ ಆನಿಸಿಕೊಂಡು ಹಿಂದಿನ ಏರು ಕ್ಯಾಂಟಲನ್ನು ನಿನ್ನ ಕಡೆಗೆ ಎಳೆ. ಸ್ಪ್ರಿಂಗ್ ಟ್ರೀಯಾದರೆ ತುಸು ಬಾಗಿ ವಾಪಸ್ಸಾಗುತ್ತದೆ. ಮಡಚಿಕೊಂಡರೆ, ಕಿರುಗುಟ್ಟಿದರೆ ಟ್ರೀ ಮುರಿದಿರಬಹುದು, ಪುಕ್ಕಟೆ ಕೊಟ್ಟರೂ ಬೇಡ. ಬೋರಲು ಮಾಡಿ ಎರಡೂ ಪ್ಯಾನಲ್ ಸಮ ಇವೆಯಾ, ಗಂಟುಗಂಟಾಗಿದೆಯಾ ಒತ್ತಿ ನೋಡು, ಗರ್ತ್ ಹಾಕುವ ಪಟ್ಟಿಗಳ ಹೊಲಿಗೆ ಎಳೆದು ನೋಡು. ಇನ್ನೊಂದು, ಮನೆಗೆ ಬಂದಮೇಲೆ ಅದನ್ನು ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಡಬೇಡ, ವಾರದೊಳಗೆ ಬೂಷ್ಟು ಹಿಡಿಯುತ್ತದೆ.

ಮುಂಗಡ ಕೊಡುವ ಮೊದಲು ಒಂದು ವಾರ ಟ್ರಯಲ್ ಕೊಡುತ್ತಾರಾ ಕೇಳು, ಹೊಂದದಿದ್ದರೆ ಪೂರ್ತಿ ಹಣ ವಾಪಸು ಅಂತ ಬರೆಸಿಕೋ. ಒಪ್ಪದಿದ್ದರೆ ಅಲ್ಲಿಂದ ಎದ್ದು ಬಾ. ಬೆನ್ನಿನ ಗೆರೆ ತೆಗೆದ ಹಾಳೆಗಳ ಫೋಟೋ ನನಗೆ ಕಳಿಸು, ಪಕ್ಕದಲ್ಲಿ ಸ್ಕೇಲು ಇಟ್ಟು ತೆಗೆ. ಚಿಕ್ಕಮ್ಮ ನಿನ್ನನ್ನು ಕೇಳಿದಳು ಅಂತ ಹೇಳಲು ಹೇಳಿದ್ದಾಳೆ. ಅಣ್ಣ ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ,
ಚಿಕ್ಕಪ್ಪ