ನಿಂತ ನೊಣದ ಲೆಕ್ಕವನ್ನೂ ಇಡು

ಸಾಗರ

ಪ್ರೀತಿಯ ಪುಟ್ಟಿಗೆ ಅತ್ತೆಯ ಆಶೀರ್ವಾದ.

ಮೊನ್ನೆ ಫೋನಿನಲ್ಲಿ ನೀನು ಅಳೋದೊಂದು ಬಾಕಿ ಇತ್ತು. ನೊಣ ನಡೆಯುವಾಗ ಅದರ ಮಿದುಳಿನ ನೋಡುವ ಕೋಶಗಳು ಏನು ಮಾಡುತ್ತವೆ ಅಂತ ಎಂಟು ತಿಂಗಳ ರೆಕಾರ್ಡಿಂಗ್. ಕಟ್ಟಿ ನಿಲ್ಲಿಸಿದ ನೊಣ ಕಾಲಡಿಯಲ್ಲಿ ಉರುಳುವ ಪುಟ್ಟ ಚೆಂಡಿನ ಮೇಲೆ ನೆಟ್ಟಗೆ ನಡೆಯೋದೇ ಇಲ್ಲ, ನಡುನಡುವೆ ನಿಂತು ಕಾಲು ಉಜ್ಜಿಕೊಳ್ಳುತ್ತೆ, ಆ ಭಾಗವನ್ನೆಲ್ಲ ತೆಗೆದು ಬಿಸಾಕ್ತೀನಿ ಅಂದೆ. ಬಿಸಾಕಬೇಡ. ಅದನ್ನು ಹೇಳೋಕೇ ಈ ಪತ್ರ. ಫೋನಿನಲ್ಲಾದರೆ ‘ಹೂಂ ಅತ್ತೆ’ ಅಂದು ಇಟ್ಟುಬಿಡ್ತೀಯ.

ಎಂ.ಎಸ್ಸಿ.ಯಲ್ಲಿ ನಾನು ಗಪ್ಪಿ ಮೀನು ಸಾಕಿದ್ದೆ, ಗೊತ್ತಲ್ವಾ? ಗಾಜಿನ ಜಾಡಿ, ಅದರ ಸುತ್ತ ಕಪ್ಪು ಬಿಳಿ ಪಟ್ಟೆಯ ರಟ್ಟು. ರಟ್ಟು ತಿರುಗಿಸಿದರೆ ಮೀನೂ ಅದರ ಹಿಂದೆ ಸುತ್ತಬೇಕು. ಬೆಳಿಗ್ಗೆ ಚೆನ್ನಾಗೇ ಸುತ್ತುತ್ತಿದ್ದವು. ಸಂಜೆ ಮಾತ್ರ ಎಲ್ಲವೂ ಒಂದೇ ಕಡೆ ಮುಖ ಮಾಡಿ ನಿಲ್ಲುತ್ತಿದ್ದವು. ಆ ಸಾಲುಗಳನ್ನೆಲ್ಲ ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿದೆ. ಪ್ರಬಂಧ ಬೈಂಡ್ ಆಗಿ ಬಂದ ಮೇಲೆ ಹೊಳೆಯಿತು: ದಿನಾ ಸಂಜೆ ನಾನು ಆಹಾರ ಹಾಕುತ್ತಿದ್ದದ್ದು ಆ ಕಡೆಯಿಂದಲೇ! ಹೊಟ್ಟೆ ಹಸಿದಾಗ ಪಟ್ಟೆ ಯಾರಿಗೆ ಬೇಕು? ಬರೆಯಬೇಕಾಗಿದ್ದ ವಿಷಯವನ್ನೇ ನಾನು ಹೊಡೆದು ಹಾಕಿದ್ದೆ.

ನಿಮ್ಮ ವಿದ್ಯೆಯ ಹಳಬರನ್ನೇ ನೋಡು. ಜರ್ಮನಿಯ ವಿಜ್ಞಾನಿಗಳಾದ ಫಾನ್ ಹೋಲ್ಸ್ಟ್, ಮಿಟೆಲ್‌ಸ್ಟೆಟ್ 1950ರಲ್ಲಿ ಬರೆದದ್ದು. ನೊಣದ ಕುತ್ತಿಗೆ ತಿರುಚಿ, ತಲೆಯನ್ನು ಬುಡಮೇಲು ಮಾಡಿ ಅಂಟಿಸಿದರು. ಪಾಪದ ಕೆಲಸ, ಇರಲಿ. ಎಡಗಣ್ಣು ಬಲಕ್ಕೆ ಬಂತು. ಆ ನೊಣ ಹೊರಟಿತೋ, ಗಿರಗಿರ ಸುತ್ತುತ್ತಲೇ ಇರುತ್ತಿತ್ತು. ‘ನಾನು ತಿರುಗಿದ್ದಕ್ಕೆ ಇಷ್ಟು ಕಾಣಬೇಕು’ ಅಂತ ಮಿದುಳು ಮೊದಲೇ ಲೆಕ್ಕ ಹಾಕಿರುತ್ತೆ, ಕಂಡದ್ದರಲ್ಲಿ ಅದನ್ನು ಕಳೆಯುತ್ತೆ ಅಂತ ಅವರ ವಾದ. ಕಣ್ಣು ತಲೆಕೆಳಗಾದಾಗ ಕಳೆಯಬೇಕಾದದ್ದು ಕೂಡಿಬಿಡುತ್ತೆ.

ನಿಮ್ಮ ಲಿಸ್ಬನ್‌ನವರದೇ 2017ರ ಸಂಶೋಧನೆ ಇನ್ನೂ ಚೆನ್ನ. ನೊಣದ ಮಿದುಳಿನಲ್ಲಿ, ಪಕ್ಕಕ್ಕೆ ಸರಿಯುವ ದೃಶ್ಯಕ್ಕೆ ಮಿಡಿಯುವ ಎಚ್‌ಎಸ್ ಅನ್ನೋ ನರಕೋಶಗಳು ಕತ್ತಲಲ್ಲೂ ನೊಣದ ನಡಿಗೆಗೆ ಮಿಡಿಯುತ್ತವೆ. ಕಾಣೋಕೆ ಏನೂ ಇಲ್ಲ, ಆದರೂ ನೋಡುವ ಕೋಶಕ್ಕೆ ಕಾಲಿನ ಸುದ್ದಿ ಗೊತ್ತು. ಓದಿದಾಗ ನಮ್ಮ ಅಟ್ಟದ ಮೆಟ್ಟಿಲು ನೆನಪಾಯಿತು. ಕರೆಂಟು ಹೋದಾಗ ಇಳಿಯುತ್ತ, ಇಲ್ಲದ ಇನ್ನೊಂದು ಮೆಟ್ಟಿಲಿಗೆ ಕಾಲಿಟ್ಟು ಧಡಕ್ಕನೆ ಎದೆ ಹಾರುತ್ತಲ್ಲ, ಹಾಗೆ.

ಈಗ ಹೇಳು, ನೊಣ ನಿಂತ ಹೊತ್ತನ್ನು ತೆಗೆದುಹಾಕಿದರೆ ನಡೆದ ಹೊತ್ತನ್ನು ಯಾವುದರ ಪಕ್ಕ ಇಟ್ಟು ನೋಡ್ತೀಯ? ನಿನ್ನ ಪುಸ್ತಕದಲ್ಲಿ ಒಂದು ಕಾಲಂ ಜಾಸ್ತಿ ಮಾಡು. ನಡೆದದ್ದು, ನಿಂತದ್ದು, ಕಾಲು ಉಜ್ಜಿದ್ದು, ಗಂಟೆ, ಕೊನೆಯ ಸಲ ಏನು ತಿಂದಿತ್ತು, ಎಲ್ಲ ಬರಿ. ವಿಡಿಯೋವನ್ನು ಕಂಪ್ಯೂಟರಿಗೆ ಒಪ್ಪಿಸುವ ಮೊದಲು ಒಂದು ವಾರ ನೀನೇ ಕೂತು ನೋಡು. ಬೇಜಾರಾಗುತ್ತೆ. ಆಗಲಿ. ನಿನ್ನ ಗೈಡ್ ಗ್ರಾಫ್ ಅಂದವಾಗಿಲ್ಲ ಅಂದರೆ ಎರಡು ಗ್ರಾಫ್ ಮಾಡಿಕೊಂಡು ಹೋಗು, ಜಗಳಕ್ಕೆ ಹೋಗಬೇಡ.

ಮತ್ತೆ, ರಾತ್ರಿ ಬರೀ ಬ್ರೆಡ್ ತಿಂದು ಮಲಗೋದು ಬಿಡು. ಚಟ್ನಿಪುಡಿ ಕಳಿಸಿದ್ದೀನಿ.

ಡಿಸೆಂಬರಿಗೆ ಬರುವಾಗ ನೀನು ಬಿಸಾಕ್ತೀನಿ ಅಂದಿದ್ದ ಆ ರೆಕಾರ್ಡಿಂಗ್ ಲ್ಯಾಪ್‌ಟಾಪಿನಲ್ಲಿ ತಾ. ನೊಣ ಕಾಲು ಉಜ್ಜೋದನ್ನು ನಾನೂ ನೋಡಬೇಕು.

ನಿನ್ನ ಅತ್ತೆ