ಭಾನುವಾರದ ಚರ್ಚೆ: ‘ಕೆಜಿಎಫ್’ ಮೂರನೆಯ ಭಾಗ ಹೇಗಿರಬೇಕು?

ಎಲ್ಲ ಸದಸ್ಯರಿಗೂ ನಮಸ್ಕಾರ.

ಇದೇ ಭಾನುವಾರ ಸಂಜೆ 5 ಗಂಟೆಗೆ ನಮ್ಮ ಮಾಸಿಕ ಚರ್ಚೆ ಎಂದಿನ ಜಾಗದಲ್ಲಿ ನಡೆಯಲಿದ್ದು, ‘ಕೆಜಿಎಫ್’ ಚಲನಚಿತ್ರದ ಮೂರನೆಯ ಭಾಗ ಬಂದರೆ ಅಭಿಮಾನಿಗಳಿಗೆ ಏನನ್ನು ಕೊಡಬೇಕು ಎಂಬುದೇ ವಿಷಯ. 2022ರ ಏಪ್ರಿಲ್‌ನಲ್ಲಿ ತೆರೆಕಂಡ ಎರಡನೆಯ ಭಾಗದಲ್ಲಿ ನಾಯಕ ರಾಕಿ ಚಿನ್ನದೊಡನೆ ಕಡಲು ಸೇರಿದ ಮೇಲೂ, ಕೊನೆಯ ದೃಶ್ಯವು 1978ರಿಂದ 1981ರವರೆಗೆ ಅವನು ವಿದೇಶಗಳಲ್ಲಿ ನಡೆಸಿದ ಕೃತ್ಯಗಳ ಕಡತವನ್ನು ತೋರಿಸಿ ಕಥೆಯನ್ನು ತೆರೆದೇ ಇಟ್ಟಿದೆ. ಆ ವರ್ಷಗಳ ಲೆಕ್ಕ ಒಪ್ಪಿಸದೆ ಬರಿಯ ಅಬ್ಬರ ಹೆಚ್ಚಿಸಿದರೆ ಸಾಲದು, ರಾಕಿ ತನ್ನ ತಾಯಿಗೆ ಕೊಟ್ಟ ಮಾತಿನಷ್ಟು ಗಟ್ಟಿಯಾದ ಕಾರಣವೊಂದು ಮತ್ತೆ ಬೇಕು ಎಂಬುದು ನನ್ನ ಅನಿಸಿಕೆ. ಮೊದಲ ಭಾಗದ ಅನಂತನಾಗ್ ಅವರ ನಿರೂಪಣೆ ಮರಳಲಿ ಎಂಬ ಆಸೆಯೂ ಇದೆಯೆನ್ನಿ.

ಬರುವವರು ಎರಡನೆಯ ಭಾಗದ ಕೊನೆಯ ಅರ್ಧ ಗಂಟೆಯನ್ನು ಮತ್ತೊಮ್ಮೆ ನೋಡಿಕೊಂಡು, ತಮ್ಮ ಒಂದು ನಿರೀಕ್ಷೆಯನ್ನು ಬರೆದು ತರಬೇಕಾಗಿ ವಿನಂತಿ. ಚಹಾದ ಏರ್ಪಾಡಿಗಾಗಿ, ಬರುವಿರೋ ಇಲ್ಲವೋ ಎಂಬುದನ್ನು ಶುಕ್ರವಾರ ರಾತ್ರಿಯೊಳಗೆ ಇಲ್ಲಿಯೇ ತಿಳಿಸಿ.